50 ಎಂಎಂ ಪ್ರೈಮ್ ಲೆನ್ಸ್: ಶಾರ್ಪ್‌ನೆಸ್ ಎಷ್ಟು, ಸ್ವಭಾವ ಎಷ್ಟು?

ಸ್ಟ್ಯಾಂಡರ್ಡ್ ಪ್ರೈಮ್ ಲೆನ್ಸ್, ಅಂದರೆ ಝೂಮ್ ಇಲ್ಲದ 50 ಎಂಎಂ ಆಸುಪಾಸಿನ ಲೆನ್ಸ್, ಕೊಳ್ಳಲು ಹೊರಟವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಈ ಜಗಳಕ್ಕೆ ಸಿಕ್ಕಿಕೊಳ್ಳುತ್ತಾರೆ. ಒಂದು ಕಡೆಯವರು ಪರೀಕ್ಷೆಯ ಚಾರ್ಟುಗಳನ್ನು ಮುಂದಿಟ್ಟು, ಮೂಲೆಯಿಂದ ಮೂಲೆಗೆ ಎಳ್ಳಷ್ಟೂ ಮಸುಕಾಗದ ಲೆನ್ಸೇ ಲೆನ್ಸು ಎನ್ನುತ್ತಾರೆ. ಇನ್ನೊಂದು ಕಡೆಯವರು ಅಂಥ ಲೆನ್ಸಿನ ಚಿತ್ರಗಳಲ್ಲಿ ಜೀವವೇ ಇರುವುದಿಲ್ಲ, ಕ್ಯಾರೆಕ್ಟರ್, ಅಂದರೆ ತನ್ನದೇ ಸ್ವಭಾವ, ಬೇಕಾದರೆ ಹಳೆಯ ಗಾಜಿಗೇ ಹೋಗಬೇಕು ಎನ್ನುತ್ತಾರೆ. ಈ ವಾದದಲ್ಲಿ ಎರಡೂ ಕಡೆಯವರು ಅಪರ್ಚರ್‌ನ, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರದ, ಮಾತನ್ನೇ ಮರೆಯುತ್ತಾರೆ ಎಂಬುದು ನನ್ನ ತಕರಾರು. ಅವರು ಹೇಳುವ ವ್ಯತ್ಯಾಸಗಳಲ್ಲಿ ಬಹುಪಾಲು ಕಾಣಿಸುವುದು ಲೆನ್ಸನ್ನು ಪೂರ್ತಿ ತೆರೆದಾಗ ಮತ್ತು ಅಲ್ಲಿಂದ ಎರಡು ಮೂರು ಸ್ಟಾಪ್‌ಗಳವರೆಗೆ (ಒಂದೊಂದು ಸ್ಟಾಪ್ ಎಂದರೆ ಬೆಳಕನ್ನು ಅರ್ಧಕ್ಕಿಳಿಸುವ ಹೆಜ್ಜೆ) ಮಾತ್ರ.

ಸುಸ್ಥಿತಿಯಲ್ಲಿರುವ ಕೆಲವು 50 ಎಂಎಂ ಲೆನ್ಸುಗಳಿಂದ ಎಫ್/8ರಲ್ಲಿ (ಎಫ್‌ನ ಅಂಕೆ ದೊಡ್ಡದಾದಷ್ಟೂ ರಂಧ್ರ ಕಿರಿದು) ತೆಗೆದ ಚಿತ್ರಗಳನ್ನು ಹೆಸರು ಮರೆಮಾಡಿ ಪಕ್ಕಪಕ್ಕದಲ್ಲಿಟ್ಟರೆ, ಮಧ್ಯಭಾಗವನ್ನು ನೋಡಿ ಯಾವುದು ಯಾವ ಲೆನ್ಸಿನದೆಂದು ಹೇಳುವುದು ಬಹಳ ಕಷ್ಟ. ಕಿರಿದಾದ ರಂಧ್ರದಲ್ಲಿ ಹಾಯುವ ಬೆಳಕು ವಿವರ್ತನೆಗೊಂಡು ಪ್ರತಿಯೊಂದು ಬಿಂದುವನ್ನೂ ಪುಟ್ಟ ಬಿಲ್ಲೆಯಾಗಿ ಹರಡುತ್ತದೆ; ಹಸಿರು ಬೆಳಕಿನಲ್ಲಿ ಆ ಬಿಲ್ಲೆಯ ವ್ಯಾಸ ಎಫ್/8ಕ್ಕೆ ಸುಮಾರು 10.7 ಮೈಕ್ರಾನ್, ಎಫ್/16ಕ್ಕೆ 21 ಮೈಕ್ರಾನ್‌ಗೂ ಹೆಚ್ಚು. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ) ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲವೇ ಸುಮಾರು 6 ಮೈಕ್ರಾನ್. ಹಾಗಾಗಿ 6 ಮಸೂರಗಳ, 160 ಗ್ರಾಂ ತೂಕದ ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸಿಗೂ, 17 ಮಸೂರಗಳನ್ನು ಹೊತ್ತು ಒಂದು ಕಿಲೋ ದಾಟುವ ನಿಕಾನ್ ಝಡ್ 50 ಎಂಎಂ ಎಫ್/1.2 ಲೆನ್ಸಿಗೂ ಅಲ್ಲಿ ಭೌತಶಾಸ್ತ್ರ ಹಾಕುವ ಮಿತಿ ಒಂದೇ. ಸದಾ ಎಫ್/8ರಲ್ಲೇ ಚಿತ್ರ ತೆಗೆಯುವವರಿಗೆ ಈ ಚರ್ಚೆಯಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಹಗುರವಾದದ್ದನ್ನು ಕೊಂಡು ನೆಮ್ಮದಿಯಾಗಿರಬಹುದು.

ಪೂರ್ತಿ ತೆರೆದ ಲೆನ್ಸಿನ ಕಥೆ ಬೇರೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್/1.4ರಲ್ಲಿ ಒಂದು ಮೀಟರ್ ದೂರದ ಮುಖವನ್ನು ತೆಗೆದರೆ ಫೋಕಸ್‌ನಲ್ಲಿ ನಿಲ್ಲುವ ಆಳ ಹೆಚ್ಚುಕಡಿಮೆ 3 ಸೆಂಟಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಾಗಿದ್ದರೆ ಕಿವಿ ಆಗಲೇ ಕರಗಿರುತ್ತದೆ, ಹಿನ್ನೆಲೆಯಂತೂ ಬಣ್ಣದ ಹರಹು. ಅಂದರೆ ಚಿತ್ರದ ವಿಸ್ತೀರ್ಣದ ಬಹುಭಾಗ ಫೋಕಸ್‌ನ ಹೊರಗೇ ಇರುತ್ತದೆ. ನಾವು ಕಣ್ಣಿಗೊತ್ತಿಕೊಳ್ಳುವ, ಲೆನ್ಸಿನ ಸ್ಪಷ್ಟತೆಯನ್ನು ಅಳೆದು ತೋರಿಸುವ ಎಂಟಿಎಫ್ ನಕ್ಷೆಯಾದರೋ ಫೋಕಸ್ ಆಗಿರುವ ಆ ಒಂದು ತೆಳು ಪದರದ ಬಗ್ಗೆ ಮಾತ್ರ, ಅದೂ ಸಾಮಾನ್ಯವಾಗಿ ಅನಂತ ದೂರದ ವಸ್ತುವನ್ನು ಇಟ್ಟುಕೊಂಡು, ಮಾತನಾಡುತ್ತದೆ. ಮಿಲಿಮೀಟರಿಗೆ 10 ಜೋಡಿ ಗೆರೆಗಳಿರುವಲ್ಲಿ ಕಾಂಟ್ರಾಸ್ಟ್ ಎಷ್ಟು ಉಳಿಯಿತು, 30 ಅಥವಾ 40 ಜೋಡಿಗಳಿರುವಲ್ಲಿ ಎಷ್ಟು ಉಳಿಯಿತು ಎಂಬುದು ಉಪಯುಕ್ತ ಮಾಹಿತಿಯೇ; ಆದರೆ ಚಿತ್ರದ ಸಣ್ಣದೊಂದು ಪಾಲಿಗೆ ಸಂಬಂಧಿಸಿದ ಅಂಕವನ್ನು ಇಡೀ ಲೆನ್ಸಿನ ಅಂಕವೆಂದು ತಿಳಿದರೆ ಉಳಿದ ಪಾಲನ್ನು ಯಾರೂ ನೋಡದೆಯೇ ತೀರ್ಪು ಕೊಟ್ಟಂತಾಗುತ್ತದೆ.

ಕ್ಯಾರೆಕ್ಟರ್ ಪಕ್ಷದವರ ಮಾತಿನಲ್ಲಿ ನನಗೆ ಹಿಡಿಸದಿರುವುದು ಅದಕ್ಕೆ ಅವರು ಹಚ್ಚುವ ಮಂತ್ರಮಾಯೆಯ ಬಣ್ಣ. ಲೆನ್ಸಿನ ಸ್ವಭಾವ ಎಂದರೆ ವಿನ್ಯಾಸಕಾರ ತಿದ್ದದೆ ಬಿಟ್ಟ, ಅಥವಾ ತಿದ್ದಲಾಗದೆ ಉಳಿದ, ವಿಪಥನಗಳ, ಅಂದರೆ ಕಿರಣಗಳು ಸೇರಬೇಕಾದ ಬಿಂದುವನ್ನು ತಪ್ಪುವ ದೋಷಗಳ, ಮೊತ್ತ. ಅವುಗಳಲ್ಲಿ ಸ್ಟ್ಯಾಂಡರ್ಡ್ ಲೆನ್ಸಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಗೋಳೀಯ ವಿಪಥನ. ಮಸೂರದ ಅಂಚಿನಲ್ಲಿ ಹಾಯುವ ಕಿರಣಗಳೂ ನಡುವೆ ಹಾಯುವ ಕಿರಣಗಳೂ ಒಂದೇ ಕಡೆ ಕೂಡದಿರುವುದೇ ಇದರ ಲಕ್ಷಣ. ಇದನ್ನು ಸ್ವಲ್ಪ ಕಡಿಮೆ ತಿದ್ದಿ ಬಿಟ್ಟ ಲೆನ್ಸಿನಲ್ಲಿ ಹಿನ್ನೆಲೆಯ ದೀಪಗಳು ನಡುವೆ ದಟ್ಟವಾಗಿ ಅಂಚಿನಲ್ಲಿ ಮೆಲ್ಲಗೆ ಕರಗುವ ಬಿಲ್ಲೆಗಳಾಗುತ್ತವೆ, ಮುನ್ನೆಲೆಯವು ಮಾತ್ರ ಒರಟಾಗುತ್ತವೆ. ಅತಿಯಾಗಿ ತಿದ್ದಿದ ಲೆನ್ಸಿನಲ್ಲಿ ಇದು ತಿರುವುಮುರುವಾಗಿ, ಹಿನ್ನೆಲೆಯ ಪ್ರತಿ ಬಿಲ್ಲೆಗೂ ಹೊಳೆಯುವ ಬಳೆ ತೊಡಿಸಿದಂತಾಗುತ್ತದೆ. ಒಣ ಹುಲ್ಲು, ಸಣ್ಣ ರೆಂಬೆಗಳು ಹಿಂದೆ ಇದ್ದರೆ ಪ್ರತಿಯೊಂದು ಗೆರೆಯೂ ಎರಡೆರಡಾಗಿ ಕಾಣುತ್ತದೆ. ಎರಡೂ ಒಂದೇ ವಿಪಥನದ ಎರಡು ಮುಖಗಳೇ ಆದರೂ ಒಂದನ್ನು ಬೆಣ್ಣೆಯಂಥ ಬೊಕೆ (ಮಸುಕಿನ ಸೊಗಸು) ಎನ್ನುತ್ತೇವೆ, ಇನ್ನೊಂದನ್ನು ಗಜಿಬಿಜಿ ಎನ್ನುತ್ತೇವೆ.

ಇದೇ ವಿಪಥನ ಫೋಕಸ್ ಆದ ಜಾಗದಲ್ಲಿ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅಂಥ ಲೆನ್ಸಿನಲ್ಲಿ ಎಫ್/1.4ಕ್ಕೆ ತೆಗೆದ ಮುಖವನ್ನು ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ ನೋಡಿ. ರೆಪ್ಪೆಗೂದಲು ಒಂದೊಂದಾಗಿ ಎಣಿಸುವಷ್ಟು ಬಿಡಿಯಾಗಿಯೇ ಇರುತ್ತದೆ, ಆದರೆ ಅದರ ಸುತ್ತ ತೆಳುವಾದ ಬೆಳಕಿನ ಪೊರೆಯೊಂದು ಹರಡಿರುತ್ತದೆ. ವಿವರ ಅಳಿಸಿಹೋಗಿರುವುದಿಲ್ಲ, ಅದರ ಮೇಲಿನ ಕಾಂಟ್ರಾಸ್ಟ್ ಇಳಿದಿರುತ್ತದೆ. ಚರ್ಮದ ರಂಧ್ರಗಳು ಒಡೆದು ಕಾಣದಿರುವುದಕ್ಕೂ, ಕೆನ್ನೆಯ ಮೇಲಿನ ಬೆಳಕು ನೆರಳಿನೊಳಕ್ಕೆ ಅವಸರವಿಲ್ಲದೆ ಇಳಿಯುವುದಕ್ಕೂ ಇದೇ ಕಾರಣ. ಈಗ ಅದೇ ಲೆನ್ಸನ್ನು ಎಫ್/4ಕ್ಕೆ ತಂದರೆ ಅಂಚಿನ ಕಿರಣಗಳು ಹೊರಬಿದ್ದು ಪೊರೆ ಮಾಯವಾಗುತ್ತದೆ, ರೆಪ್ಪೆ ಸೂಜಿಮೊನೆಯಂತಾಗುತ್ತದೆ. ಒಂದೇ ಬೆಲೆಗೆ ಎರಡು ಲೆನ್ಸು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ.

ದಶಕಗಳ ಕಾಲ ಸ್ಟ್ಯಾಂಡರ್ಡ್ ಲೆನ್ಸುಗಳು ಹೀಗೇ ಇದ್ದದ್ದಕ್ಕೆ ಕಾರಣ ಅವುಗಳ ವಿನ್ಯಾಸ. 1896ರಲ್ಲಿ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ರೂಪಿಸಿದ ಪ್ಲಾನಾರ್‌ನಿಂದ ಬೆಳೆದ ಡಬಲ್ ಗೌಸ್ ಮಾದರಿಯಲ್ಲಿ, ಅಪರ್ಚರ್‌ನ ಎರಡೂ ಕಡೆ ಹೆಚ್ಚುಕಡಿಮೆ ಸಮಾನವಾಗಿ ಜೋಡಿಸಿದ ಆರೇಳು ಮಸೂರಗಳಲ್ಲಿ ಕೆಲಸ ಮುಗಿಯುತ್ತದೆ. ಈ ಸಮತೋಲನದಿಂದ ಕೆಲವು ವಿಪಥನಗಳು ತಾವಾಗಿಯೇ ಒಂದನ್ನೊಂದು ಹೊಡೆದುಹಾಕುತ್ತವೆ, ಗೋಳೀಯ ವಿಪಥನ ಮಾತ್ರ ಎಫ್/2ಕ್ಕಿಂತ ಹೆಚ್ಚು ತೆರೆದಾಗ ತಲೆಯೆತ್ತುತ್ತದೆ. 1930ರ ದಶಕದಲ್ಲಿ ಲುಡ್ವಿಗ್ ಬರ್ಟೆಲೆ ರೂಪಿಸಿದ ಸೋನಾರ್ ಎಂಬ ಇನ್ನೊಂದು ವಿನ್ಯಾಸದ ದಾರಿ ಬೇರೆ. ಅದರ ಇಂದಿನ ವಂಶಜನಾದ ಸಿ ಸೋನಾರ್ 50 ಎಂಎಂ ಎಫ್/1.5 ಲೆನ್ಸಿನಲ್ಲಿ ಅಪರ್ಚರ್ ಕಿರಿದು ಮಾಡುತ್ತಿದ್ದಂತೆ ಉಳಿದಿರುವ ಗೋಳೀಯ ವಿಪಥನದಿಂದಾಗಿ ಫೋಕಸ್ ಕೊಂಚ ಹಿಂದಕ್ಕೆ ಸರಿಯುತ್ತದೆ. ಸ್ವಭಾವಕ್ಕೆ ತೆರಬೇಕಾದ ನಿಜವಾದ ಸುಂಕ ಇದು. ಲೆನ್ಸಿನ ಮೂಲಕವಲ್ಲದೆ ಬೇರೆ ಕಿಂಡಿಯಿಂದ ನೋಡಿ ಫೋಕಸ್ ಮಾಡುವ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಇದನ್ನು ಲೆಕ್ಕ ಹಾಕಿಕೊಂಡೇ ಫೋಕಸ್ ಮಾಡಬೇಕು. ಸೆನ್ಸರಿಗೆ ಕಾಣುವುದನ್ನೇ ತೋರಿಸುವ ಮಿರರ್‌ಲೆಸ್‌ನಲ್ಲಾದರೆ ಚಿತ್ರ ತೆಗೆಯುವ ಅಪರ್ಚರ್‌ನಲ್ಲೇ ಫೋಕಸ್ ಮಾಡಿದರೆ ಸಾಕು, ತೊಂದರೆ ತಪ್ಪುತ್ತದೆ.

2013ರಲ್ಲಿ ಈ ಎರಡೂ ವಾದಗಳು ಲೆನ್ಸಿನ ರೂಪದಲ್ಲೇ ಎದುರುಬದುರು ನಿಂತವು. ಝೈಸ್ ಓಟಸ್ 55 ಎಂಎಂ ಎಫ್/1.4 ಬಂದಾಗ ಅದರಲ್ಲಿ 12 ಮಸೂರಗಳಿದ್ದವು, ತೂಕ ಸುಮಾರು ಒಂದು ಕಿಲೋ, ಪೂರ್ತಿ ತೆರೆದಾಗಲೂ ಅಂಚಿನವರೆಗೆ ನಿಷ್ಕಳಂಕವಾಗಿರುವುದೇ ಅದರ ಗುರಿ. ಅದೇ ವರ್ಷ ಬಂದ ನಿಕಾನ್ 58 ಎಂಎಂ ಎಫ್/1.4ಜಿ ಲೆನ್ಸಿನಲ್ಲಿ ಇದ್ದದ್ದು 9 ಮಸೂರಗಳು, ತೂಕ 385 ಗ್ರಾಂ. ರಾತ್ರಿಯ ದೀಪಗಳು ಚಿತ್ರದ ಅಂಚಿನಲ್ಲೂ ರೆಕ್ಕೆ ಬಿಚ್ಚದೆ ಬಿಂದುಗಳಾಗಿಯೇ ಉಳಿಯಬೇಕು, ಫೋಕಸ್‌ನಿಂದ ಮಸುಕಿಗೆ ಹೋಗುವ ದಾರಿ ನಯವಾಗಿರಬೇಕು ಎಂಬುದನ್ನು ಅದರ ವಿನ್ಯಾಸಕಾರರು ಮುಂದಿಟ್ಟುಕೊಂಡಿದ್ದರು. ಚಾರ್ಟ್ ತೆಗೆದು ಅಳೆದ ಅನೇಕರಿಗೆ ಅದು ನಿರಾಸೆ ತಂದಿತು, ಮುಖಗಳನ್ನು ತೆಗೆದವರಲ್ಲಿ ಅನೇಕರು ಅದನ್ನು ಬಿಡಲೊಪ್ಪಲಿಲ್ಲ. ನನ್ನ ಮತ ಎರಡನೆಯವರ ಕಡೆಗೆ, ಆದರೆ ಓಟಸ್‌ಗೆ ಜೀವವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವರ್ಣ ವಿಪಥನವನ್ನು ಅಷ್ಟು ಚೆನ್ನಾಗಿ ಹತ್ತಿಕ್ಕಿದ ಲೆನ್ಸಿನಲ್ಲಿ ಬಿಳಿ ಬಟ್ಟೆಯ ಅಂಚಿಗೆ ನೇರಳೆ ಮೆತ್ತುವುದಿಲ್ಲ, ಮಸುಕಿನ ಭಾಗಕ್ಕೆ ಹಸಿರು ಛಾಯೆ ಹತ್ತುವುದಿಲ್ಲ. ಆ ಶುಚಿತ್ವಕ್ಕೂ ಒಂದು ಸ್ವಭಾವವಿದೆ.

ಶಾರ್ಪ್ ಚಿತ್ರವನ್ನು ಕಂಪ್ಯೂಟರಿನಲ್ಲಿ ಮೃದು ಮಾಡಬಹುದು, ಮೃದುವಾದದ್ದನ್ನು ಶಾರ್ಪ್ ಮಾಡಲಾಗದು, ಹಾಗಾಗಿ ಶಾರ್ಪ್ ಲೆನ್ಸನ್ನೇ ಕೊಳ್ಳಿ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತೀರಿ. ವಿಗ್ನೆಟಿಂಗ್ (ಮೂಲೆಗಳು ಕಪ್ಪಾಗುವುದು), ನೇರ ಗೆರೆಗಳ ಬಾಗು, ಇವುಗಳ ಮಟ್ಟಿಗೆ ಅದು ಸರಿ. ಅವನ್ನು ಸಾಫ್ಟ್‌ವೇರ್ ಹಾಕಲೂಬಲ್ಲದು, ತೆಗೆಯಲೂಬಲ್ಲದು. ಗೋಳೀಯ ವಿಪಥನ ಹಾಗಲ್ಲ. ಅದು ಫೋಕಸ್‌ನ ಹಿಂದೆ ಒಂದು ಬಗೆ, ಮುಂದೆ ಇನ್ನೊಂದು ಬಗೆ, ದೂರ ಹೆಚ್ಚಿದಂತೆಲ್ಲ ಮತ್ತೊಂದು ಬಗೆ. ಪ್ರತಿ ಪಿಕ್ಸೆಲ್ಲೂ ಎಷ್ಟು ದೂರದ ವಸ್ತುವಿನದೆಂದು ತಿಳಿಯದ ಸಾಫ್ಟ್‌ವೇರ್ ಇಡೀ ಚಿತ್ರದ ಮೇಲೆ ಒಂದೇ ಮಂಜು ಎಳೆಯುತ್ತದೆ. ಫೋನುಗಳು ದೂರವನ್ನು ಊಹಿಸಿ ಇದನ್ನೇ ಅನುಕರಿಸುತ್ತವೆ. ಕೆದರಿದ ಕೂದಲಿನ ಅಂಚಿನಲ್ಲಿ ಊಹೆ ಎಡವಿದ್ದು ಕಣ್ಣಿಗೆ ರಾಚುತ್ತದೆ.

ಹಾಗೆಂದು ಎಲ್ಲ ಕುಂದನ್ನೂ ಸ್ವಭಾವವೆಂದು ಹೊಗಳುವವನು ನಾನಲ್ಲ. ಎಡಗಡೆ ಸ್ಪಷ್ಟವಾಗಿ ಬಲಗಡೆ ಮಸುಕಾಗಿದ್ದರೆ ಮಸೂರಗಳ ಕೇಂದ್ರ ತಪ್ಪಿದೆ ಎಂದರ್ಥ. ಒಳಗೆ ಫಂಗಸ್ ಬೆಳೆದು ಕಾಂಟ್ರಾಸ್ಟ್ ಸತ್ತಿದ್ದರೆ ಅದು ರೋಗ. ಸೋವಿಯತ್ ಕಾಲದ ಹೀಲಿಯೋಸ್ 44 ಲೆನ್ಸಿನ ಸುಳಿಸುತ್ತುವ ಹಿನ್ನೆಲೆಯ ಬಗ್ಗೆಯೂ ನನಗೆ ಅಷ್ಟಾಗಿ ಒಲವಿಲ್ಲ; ಮೊದಲು ನೋಡಿದಾಗ ಬೆರಗಾಗುತ್ತದೆ, ಆಮೇಲೆ ಯಾರ ಚಿತ್ರವಾದರೂ ಅದೇ ಸುಳಿ, ಅದೇ ಎಲೆಗಳು. ನಕ್ಷತ್ರಗಳನ್ನು ತೆಗೆಯುವವರಿಗೆ, ಕಟ್ಟಡಗಳನ್ನು ತೆಗೆಯುವವರಿಗೆ, ಹಳೆಯ ದಾಖಲೆ ಅಥವಾ ವರ್ಣಚಿತ್ರಗಳ ಪ್ರತಿ ತೆಗೆಯುವವರಿಗೆ ಶಾರ್ಪ್‌ನೆಸ್ ಬಿಟ್ಟು ಬೇರೆ ಮಾತೇ ಇಲ್ಲ. ಉಳಿದ ನಾವೆಲ್ಲ ಎಷ್ಟು ಶಾರ್ಪ್‌ನೆಸ್ ಬಳಸುತ್ತೇವೆ ಎಂದು ಲೆಕ್ಕ ಹಾಕಬೇಕು: 24 ಮೆಗಾಪಿಕ್ಸೆಲ್‌ನ ಅಡ್ಡ ಚಿತ್ರ 1080 ಪಿಕ್ಸೆಲ್ ಅಗಲದ ಫೋನ್ ಪರದೆಗೆ ಇಳಿಯುವಾಗ ಮೂವತ್ತರಲ್ಲಿ ಒಂದು ಪಾಲು ಪಿಕ್ಸೆಲ್‌ಗಳು ಮಾತ್ರ ಉಳಿಯುತ್ತವೆ. ಹಿನ್ನೆಲೆಯ ಮಸುಕು ನಯವೋ ಒರಟೋ ಎಂಬುದು ಮಾತ್ರ ಆ ಪುಟ್ಟ ಪರದೆಯಲ್ಲೂ ಮೊದಲ ನೋಟಕ್ಕೇ ತಿಳಿಯುತ್ತದೆ.

ಆದ್ದರಿಂದ ಲೆನ್ಸ್ ಆರಿಸುವಾಗ ನಾನು ಚಾರ್ಟನ್ನು ಎರಡನೆಯದಾಗಿ ನೋಡುತ್ತೇನೆ. ಮೊದಲು ಲೆನ್ಸನ್ನು ಪೂರ್ತಿ ತೆರೆದು, ಒಂದೂವರೆ ಮೀಟರ್ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಹಿಂದೆ ನಾಲ್ಕೈದು ಮೀಟರ್ ದೂರಕ್ಕೆ ಎಲೆಗಳ ನಡುವೆ ತೂರಿ ಬರುವ ಬೆಳಕೋ ಸಣ್ಣ ದೀಪಗಳೋ ಇರುವಂತೆ ನೋಡಿಕೊಂಡು ತೆಗೆಯುತ್ತೇನೆ. ಬಿಲ್ಲೆಗಳಿಗೆ ಬಳೆ ಕಂಡರೆ, ಅಥವಾ ಅಚ್ಚೊತ್ತಿದ ಆಸ್ಫೆರಿಕಲ್ (ಗೋಳದ ಬಾಗಿಲ್ಲದ) ಮಸೂರದ ದೆಸೆಯಿಂದ ಒಳಗೆ ಈರುಳ್ಳಿಯಂಥ ಸುತ್ತುಗಳು ಕಂಡರೆ ಅಲ್ಲಿಗೇ ಬಿಡುತ್ತೇನೆ. ಅದು ದಾಟಿದ ಲೆನ್ಸು ಎಫ್/4ರಲ್ಲಿ ನಾಲ್ಕೂ ಮೂಲೆಗಳನ್ನು ಸಮವಾಗಿ ಹಿಡಿದರೆ ಸಾಕು, ಎಫ್/1.4ರಲ್ಲಿ ಅದರ ಮೂಲೆ ಎಷ್ಟು ಅಂಕ ಪಡೆದಿದೆ ಎಂದು ಹುಡುಕಲು ಹೋಗುವುದಿಲ್ಲ. ಮುಖಗಳಿಗಿಂತ ನಕ್ಷತ್ರಗಳನ್ನೇ ಹೆಚ್ಚು ತೆಗೆಯುವವರು ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಬೇಕು, ಮತ್ತು ಅವರಿಗೆ ಹೊಸ ತಲೆಮಾರಿನ ಎಫ್/1.8 ಲೆನ್ಸುಗಳು ಒಂದು ಕಿಲೋದ ದೈತ್ಯಗಳಿಗಿಂತ ಹೆಚ್ಚು ಒದಗುತ್ತವೆ.