ಇದ್ಯಾಕೋ ಓವರ್ ಆಯ್ತು!

ಮೊನ್ನೆ ಮಗಳ ಇಂಗ್ಲಿಷ್ ಹೋಂವರ್ಕ್ ನೋಡುತ್ತಾ ಕೂತಿದ್ದೆ. ‘ಓವರ್ ಅಂದರೆ ಜಾಸ್ತಿ’ ಅಂತ ಕ್ಲಾಸಿನಲ್ಲಿ ಬರೆಸಿದ್ದಾರೆ. ಕೆಳಗೆ ಹತ್ತು ಪದ, ಅರ್ಥ ಬರೆಯಬೇಕು. ಓವರ್‌ಈಟ್: ಜಾಸ್ತಿ ತಿನ್ನು. ಓವರ್‌ಸ್ಲೀಪ್: ಜಾಸ್ತಿ ನಿದ್ದೆ ಮಾಡು. ಇಲ್ಲಿವರೆಗೆ ಸರಿ. ಅದೇ ಹುರುಪಿನಲ್ಲಿ ಓವರ್‌ಲುಕ್‌ಗೆ ‘ಜಾಸ್ತಿ ನೋಡು’, ಓವರ್‌ಹಿಯರ್‌ಗೆ ‘ಜಾಸ್ತಿ ಕೇಳು’ ಅಂತ ಬರೆದಿದ್ದಳು.

“ಓವರ್‌ಲುಕ್ ಅಂದ್ರೆ ನೋಡದೆ ಬಿಟ್ಟುಬಿಡೋದು ಕಣೇ, ಓವರ್‌ಹಿಯರ್ ಅಂದ್ರೆ ಬೇರೆಯವರ ಮಾತು ಅಕಸ್ಮಾತ್ ಕಿವಿಗೆ ಬೀಳೋದು” ಅಂದೆ.

“ಹಾಗಾದ್ರೆ ಓವರ್‌ಸೀ?”

“ಅದು ಮೇಲೆ ನಿಂತು ನೋಡ್ಕೊಳ್ಳೋದು.”

ಪೆನ್ಸಿಲ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಅವಳ ತಪ್ಪೇನಿಲ್ಲ ಬಿಡಿ. ಓವರ್‌ಸೈಟ್ ಅನ್ನೋ ಒಂದೇ ಪದಕ್ಕೆ ಮೇಲ್ವಿಚಾರಣೆ ಅಂತಲೂ ಅರ್ಥ, ಕಣ್ತಪ್ಪು ಅಂತಲೂ ಅರ್ಥ!

ಓವರ್‌ನ ಮೊದಲ ಅರ್ಥ ‘ಮೇಲೆ’. ‘ಜಾಸ್ತಿ’ ಆಮೇಲೆ ಬಂದು ಸೇರಿಕೊಂಡದ್ದು. ಸಂಸ್ಕೃತದ ಉಪರಿ, ಗ್ರೀಕಿನ ಹೈಪರ್, ಲ್ಯಾಟಿನ್ನಿನ ಸೂಪರ್, ಇಂಗ್ಲಿಷಿನ ಓವರ್ ಎಲ್ಲ ಒಂದೇ ಬೇರಿನವು. ದಿನಾ ಬುಕ್ ಮಾಡಿ ಬೈದುಕೊಳ್ಳುವ ಊಬರ್ ಕೂಡ ಜರ್ಮನ್ನಿನ ಅದೇ ಪದ. ನಾವಂತೂ ಓವರ್‌ನ ಹಿಂದಿನ ಬಾಲವನ್ನೇ ಕತ್ತರಿಸಿಬಿಟ್ಟಿದ್ದೇವೆ. ‘ಅವನದ್ದು ಸ್ವಲ್ಪ ಓವರ್’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತೆ.

ಆದರೆ ನಮ್ಮಮ್ಮನ ಅಡುಗೆಮನೆಯಲ್ಲಿ ಜಾಸ್ತಿ ಆದದ್ದಕ್ಕೆಲ್ಲ ಒಂದೇ ಪದ ಇರಲಿಲ್ಲ. ಹಾಲು ಉಕ್ಕುತ್ತಿತ್ತು. ಅನ್ನ ಮುದ್ದೆಯಾಗುತ್ತಿತ್ತು. ಪಲ್ಯ ಸೀದುಹೋಗುತ್ತಿತ್ತು. ದೋಸೆ ಹಿಟ್ಟು ಹುಳಿ ಬರುತ್ತಿತ್ತು, ಬಾಳೆಹಣ್ಣು ಕಳಿತುಹೋಗುತ್ತಿತ್ತು. ಊರ ಕೆರೆ ತುಂಬಿದರೆ ಕೋಡಿ ಬೀಳುತ್ತಿತ್ತು. ಈಗ ನಾನೇ ‘ಕೆರೆ ಓವರ್‌ಫ್ಲೋ ಆಗಿದೆ’ ಅಂತ ಸ್ಟೇಟಸ್ ಹಾಕ್ತೀನಿ, ಅದು ಬೇರೆ ಮಾತು. ಈ ಪದಗಳಲ್ಲಿ ಗೆರೆ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತೆ. ಪಾತ್ರೆಯ ಕಂಠ ದಾಟಿದರೆ ಹಾಲು ಉಕ್ಕಿತು. ಕೋಡಿಯ ಮಟ್ಟ ಮುಟ್ಟಿದರೆ ಕೆರೆ ತುಂಬಿತು. ವಾದವೇ ಇಲ್ಲ.

ಓವರ್‌ವೇಟ್ ಅಂದಾಗ ಹಾಗಲ್ಲ. ಅಲ್ಲಿ ಗೆರೆ ಯಾರೋ ಎಳೆದದ್ದು. 1998ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಓವರ್‌ವೇಟ್‌ನ ಗೆರೆಯನ್ನು ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 25ಕ್ಕೆ ಇಳಿಸಿತು. ಅದಕ್ಕೂ ಮೊದಲು ಅಲ್ಲಿ ಗಂಡಸರಿಗೆ 27.8 ಇತ್ತು. ಕೋಟಿಗಟ್ಟಲೆ ಜನ ಒಂದು ಗ್ರಾಂ ಕೂಡ ಏರದೆ ಓವರ್‌ವೇಟ್ ಆಗಿಬಿಟ್ಟರು. ನಮ್ಮಲ್ಲಿ ಡಾಕ್ಟರುಗಳು 23ಕ್ಕೇ ಎಚ್ಚರಿಸುತ್ತಾರೆ, ಯಾಕಂದರೆ ಸಕ್ಕರೆ ಕಾಯಿಲೆ ನಮಗೆ ಕಮ್ಮಿ ತೂಕಕ್ಕೇ ಅಂಟಿಕೊಳ್ಳುತ್ತೆ. ಬಿಪಿಯದೂ ಇದೇ ಕಥೆ. 2017ರಲ್ಲಿ ಅಮೆರಿಕದ ಹೃದಯತಜ್ಞರು ಹೈಪರ್‌ಟೆನ್ಶನ್‌ನ ಗೆರೆಯನ್ನು 140/90ರಿಂದ 130/80ಕ್ಕೆ ತಂದರು. ಗೆರೆ ಎಳೆಯಬಾರದು ಅಂತ ನಾನು ಹೇಳ್ತಿಲ್ಲ, ಅದಕ್ಕೆ ಕಾರಣಗಳಿವೆ. ಆದರೆ ‘ಓವರ್’ ಅಂದ ತಕ್ಷಣ ಯಾವ ಗೆರೆ, ಎಳೆದವರು ಯಾರು ಅಂತ ಕೇಳೋದನ್ನೇ ಮರೆತುಬಿಡ್ತೀವಿ.

ಒಮ್ಮೆ ಒಂದು ಇಂಟರ್‌ವ್ಯೂನಲ್ಲಿ ನನಗೆ ‘ನೀವು ಓವರ್‌ಕ್ವಾಲಿಫೈಡ್’ ಅಂದರು. ಹೊಗಳಿಕೆ ಅಂದುಕೊಂಡು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು: ಜಾಸ್ತಿಯಾಗಿದ್ದದ್ದು ನನ್ನ ಓದಲ್ಲ, ನಾನು ಕೇಳಿದ ಸಂಬಳ.

ಗೆರೆಯನ್ನು ಬರೆದಿಟ್ಟ ಓವರ್ ಕೂಡ ಒಂದಿತ್ತು. ಓವರ್‌ಟೈಮ್. ದಿನಕ್ಕೆ 9 ಗಂಟೆ ಇಲ್ಲವೇ ವಾರಕ್ಕೆ 48 ಗಂಟೆ ದಾಟಿದರೆ ದುಪ್ಪಟ್ಟು ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಕಾರ್ಖಾನೆಯವರು ಅದನ್ನ ‘ಓಟಿ’ ಅಂತಾರೆ, ಲೆಕ್ಕ ಇಟ್ಟು ಕೇಳಿ ತಗೋತಾರೆ. ನಮ್ಮಂಥ ಲ್ಯಾಪ್‌ಟಾಪ್‌ನವರು ರಾತ್ರಿ ಹತ್ತರವರೆಗೆ ಕೂತರೂ ಯಾರೂ ಓವರ್ ಅನ್ನಲ್ಲ. “ಇದೊಂದು ವಾರ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಅಂತಾರೆ. ಆ ವಾರ ಶುರುವಾಗಿ ಎರಡು ವರ್ಷ ಆಯ್ತು.