ಭಾವನ ಉಲ್ಟಾ ತುಂಡು

ಮಳೆಗಾಲದ ಕಾರವಾರದಲ್ಲಿ ಹಪ್ಪಳ ಮೆತ್ತಗಾದರೆ ಕೆಂಡದ ಮೇಲೆ ಹಿಡಿದು ಗರಿಗರಿ ಮಾಡಿಕೊಳ್ಳಬಹುದು. ಸೊನೊಬೆ ಚೆಂಡು, ಅಂದರೆ ಮಡಚಿದ ಮೂವತ್ತು ಕಾಗದದ ತುಂಡು ಜೋಡಿಸಿ ಮಾಡುವ ನಕ್ಷತ್ರದಂಥ ಒರಿಗಾಮಿ ಚೆಂಡು, ಮೆತ್ತಗಾದರೆ ಏನು ಮಾಡುವುದು ಹೇಳಿ! ಅಂಟಿಲ್ಲ, ದಾರವಿಲ್ಲ. ಒಂದು ತುಂಡಿನ ನಾಲಿಗೆ ಇನ್ನೊಂದರ ಜೇಬಿಗೆ ಸಿಕ್ಕಿಕೊಂಡೇ ಮೂವತ್ತೂ ನಿಲ್ಲಬೇಕು. ಕಾಗದ ತೇವ ಹೀರಿತೋ, ಶೋಕೇಸಿನ ನಕ್ಷತ್ರ ನಡುರಾತ್ರಿ ಸರಕ್ಕೆಂದು ಬಾಯಿ ಬಿಡುತ್ತದೆ. ಕಾಗದ ಮಡಚಿಯೇ ರೇಖಾಗಣಿತ ಕಲಿಯಬಹುದೆಂದು ಟಿ. ಸುಂದರ ರಾವ್ 1893ರಲ್ಲೇ ಪುಸ್ತಕ ತಂದರು, ನಿಜ. ಆದರೆ ತಂದದ್ದು ಮದ್ರಾಸಿನಲ್ಲಿ. ಆಷಾಢಕ್ಕೆ ಇಲ್ಲಿ ಬಂದು ಕೂತಿದ್ದರೆ ತಿಳಿಯುತ್ತಿತ್ತು.

ಎ4 ಹಾಳೆಯೊಂದಕ್ಕೆ 7 ಸೆಂ.ಮೀ. ಚೌಕ 12 ಬರುತ್ತವೆ. ಮೂರು ಹಾಳೆಗೆ 36. ಕತ್ತರಿಸಿದ ಕೂಡಲೇ ಮಡಚಿ. ತೇವಕ್ಕೆ ಕಾಗದ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುವುದರಿಂದ ಬೆಳಗಿನ ಚೌಕ ಸಂಜೆಗೆ ಚೌಕವಲ್ಲ. ಇಸ್ತ್ರಿ ಹಾಕಿದರೆ ಗರಿಗರಿಯಾಗುತ್ತದೆ, ಚಹಾ ಕುಡಿದು ಮುಗಿಸುವ ತನಕ. ಹುರಿದು ಆರಿಸಿದ ಅಕ್ಕಿ ಹಾಕಿದ ಬಿಗಿ ಡಬ್ಬಿಯಲ್ಲಿಡುವುದೇ ಮೇಲು.

ಮಳೆಯನ್ನಾದರೂ ಕ್ಷಮಿಸಬಹುದು. "ನಾನೂ ನಾಲ್ಕು ಮಡಚಿ ಕೊಡ್ತೆ ಮಾರಾಯ" ಎಂದು ಪಕ್ಕ ಕೂರುವ ಭಾವನನ್ನು? ಇಂಥ ಭಾವ ಪ್ರತಿ ಮನೆಗೂ ಒಬ್ಬರಿರುತ್ತಾರೆ. ಚೌಕವನ್ನು ನಡುವೆ ಮಡಚಿ ಬಿಡಿಸಿ, ಎರಡೂ ಅಂಚನ್ನು ನಡುಗೆರೆಗೆ ತಂದು ಬಿಡಿಸಿ, ಕರ್ಣದ ಎರಡು ತುದಿಯ ಮೂಲೆಗಳನ್ನು ಹತ್ತಿರದ ಗೆರೆಗೆ ಮಡಚಬೇಕು. ಮೊದಲ ತುಂಡಿಗೆ ಮೇಲೆ ಎಡ, ಕೆಳಗೆ ಬಲ ಎಂದಿದ್ದರೆ ಮೂವತ್ತಕ್ಕೂ ಅದೇ. ಭಾವ ಬೋಟುಗಳು ಮತ್ತೆ ಕಡಲಿಗಿಳಿಯುವುದು ಯಾವಾಗ ಎಂದು ಲೆಕ್ಕ ಹಾಕುತ್ತ ಮೇಲೆ ಬಲ, ಕೆಳಗೆ ಎಡ ಮಡಚಿರುತ್ತಾರೆ. ನೋಡಲು ಥೇಟ್ ನಮ್ಮದೇ ತುಂಡು, ಆದರೆ ಕನ್ನಡಿಯೊಳಗಿನದು. ಗೊತ್ತಾಗುವುದು 29 ಕೂತ ಮೇಲೆ, ಚೆಂಡಿನ ಮೇಲೆ ಎದ್ದು ನಿಂತ ಐದು ಚೂಪು ಗೋಪುರ ಸೇರುವ ಕೊನೆಯ ಮೂಲೆಯಲ್ಲಿ. ಜೇಬಿರಬೇಕಾದಲ್ಲಿ ಜೇಬಿನ ಬೆನ್ನು. ತಿರುಗಿಸಿದರೂ ಅದೇ, ತಲೆಕೆಳಗು ಮಾಡಿದರೂ ಅದೇ. "ಚೂರು ಒತ್ತು, ಹೋಗ್ತದೆ" ಎನ್ನುತ್ತ ಭಾವನೇ ಹೆಬ್ಬೆರಳು ಊರುತ್ತಾರೆ. ಮೂವತ್ತೂ ಚಾಪೆಯ ಮೇಲೆ.

ಬಯ್ಯೋಣವೆಂದರೆ ಅವರ ಮಡಿಕೆ ನಮ್ಮದಕ್ಕಿಂತ ಚೂಪು. ಐವತ್ತು ವರ್ಷ ಕವಳ ಮಡಚಿದ ಬೆರಳು. ಈಗ ಡಾಕ್ಟರು ಕವಳ ಬಿಡಿಸಿದ್ದಾರೆ, ಕೈಗೆ ಬೇರೆ ಕೆಲಸವಿಲ್ಲ.

ಮಿಕ್ಕ ಆರು ಚೌಕ ಮೊದಲೇ ಅವರ ಕೈಗಿಡಿ. ಆರೂ ಉಲ್ಟಾ ಆದರೆ ಒಂದಕ್ಕೊಂದು ಒಪ್ಪುತ್ತವೆ, ಆರಕ್ಕೆ ಸರಿಯಾಗಿ ಒಂದು ಘನ. ಚೆಂಡು ಬಿಚ್ಚಿಕೊಂಡ ರಾತ್ರಿಯೂ ಅದು ಶೋಕೇಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಂದವರಿಗೆಲ್ಲ ಭಾವ ತೋರಿಸುವುದೂ ಅದನ್ನೇ.