ರೋಡ್ ಎಂಬ ಬಾಲ

ವಾಷಿಂಗ್ ಮಷಿನ್ ಹೊತ್ತು ತಂದ ಹುಡುಗರಿಬ್ಬರು ಬಚ್ಚಲುಮನೆಯ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಟೇಪು ತಂದು ಅಳೆದೆ. ಬಾಗಿಲಿನ ಅಗಲ ಸರಿಯಾಗಿ ಎರಡೂವರೆ ಅಡಿ. ಅದರಲ್ಲೂ ಒಳಗಿನ ವಾಶ್‌ಬೇಸಿನ್ನಿಗೆ ತಾಗಿ ಕದ ಪೂರ್ತಿ ತೆರೆಯುವುದಿಲ್ಲ. ಮಷಿನ್ನನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಗೆ ಎಲ್ಲ ಬಗೆಯಲ್ಲೂ ತಿರುಗಿಸಿ ನೋಡಿದರು. ವಸಯಿಯಲ್ಲಿ ಈ ಕಟ್ಟಡ ಕಟ್ಟಿದ ಪುಣ್ಯಾತ್ಮನ ಏಳು ತಲೆಮಾರನ್ನು ನನ್ನ ಹೆಂಡತಿ ನೆನೆಯುತ್ತಿದ್ದಳು. ನನಗೆ ಮಾತ್ರ ಆ ಹೊತ್ತಿನಲ್ಲಿ ನೆನಪಾದದ್ದು, ಇಷ್ಟೇ ಅಗಲದ ಹಳಿಯ ಮೇಲೆ ನಾನು ರೈಲಿನಲ್ಲಿ ಊರಿಗೆ ಹೋಗುತ್ತಿದ್ದೆನಲ್ಲ ಎಂಬುದು.

ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ‘ಬಾರ್ಶಿ ಲೈಟ್’ ರೈಲಿನ ಹಳಿಗಳ ನಡುವಿನ ಅಂತರ. ಆ ಗಾಡಿಗೆ ಲೈಟ್ ಎಂಬ ಹೆಸರು ಬಂದದ್ದು ಅದರ ಮುಂದಿನ ದೀಪದಿಂದ ಎಂದು ಬಹಳ ಕಾಲ ನಂಬಿದ್ದೆ. ಹಗುರ ರೈಲು ಎಂಬ ಅರ್ಥ ತಿಳಿಯುವ ಹೊತ್ತಿಗೆ ಅದರಲ್ಲಿ ಕೂರುವ ವಯಸ್ಸು ದಾಟಿತ್ತು.

ನಮ್ಮದು ಜತ್ತ ತಾಲ್ಲೂಕಿನ ಹಳ್ಳಿ. ನೆಲ ಮಹಾರಾಷ್ಟ್ರದ್ದು, ಶಾಲೆ ಮರಾಠಿಯದು, ಮನೆಯ ಮಾತು ಕನ್ನಡ. ಬೇಸಿಗೆ ರಜೆಗೆ ಮುಂಬಯಿಯಿಂದ ಹೊರಟರೆ ರಾತ್ರಿ ಗಾಡಿಯಲ್ಲಿ ಮೀರಜ್ ತನಕ, ಅಲ್ಲಿಂದ ಮುಂದೆ ಸಣ್ಣ ಗಾಡಿ. ಆಗ ಮೀರಜ್‌ನಲ್ಲಿ ಮೂರು ಅಳತೆಯ ಹಳಿಗಳಿದ್ದವು: ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್. ತಾಯಿ, ಮಗಳು, ಮೊಮ್ಮಗಳು ಒಂದೇ ಜಗುಲಿಯಲ್ಲಿ ಕೂತಂತೆ. ಮೊಮ್ಮಗಳ ಹೊಟ್ಟೆಯಲ್ಲಿ ಕುಳಿತು ಆರಗ, ಬೇಳಂಕಿ, ಸಲಗರೆ, ಕವಠೆ ಮಹಾಂಕಾಳ, ಢಾಲಗಾಂವ್ ದಾಟಿ ನಾವು ಇಳಿಯುತ್ತಿದ್ದ ನಿಲ್ದಾಣ ಜತ್ತ ರೋಡ್. ಇಳಿದು ನೋಡಿದರೆ ಜತ್ತ ಎಲ್ಲಿದೆ? ಇಲ್ಲ. ಜತ್ತ ಕಾಣಬೇಕಾದರೆ ಮತ್ತೆ ಬಸ್ಸು ಹಿಡಿಯಬೇಕು.

ಊರಿನ ಹೆಸರಿಗೆ ರೈಲ್ವೆಯವರು ‘ರೋಡ್’ ಎಂಬ ಬಾಲ ಅಂಟಿಸಿದ್ದಾರೆಂದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇದೆ, ಇಳಿದ ಮೇಲೆ ನಿಮ್ಮ ಪಾಡು ನಿಮ್ಮದು ಎಂದೇ ತಿಳಿಯಬೇಕು. ದೇಶದ ತುಂಬ ಇಂಥ ಬಾಲಗಳಿವೆ. ನಾನೀಗ ದಿನವೂ ಲೋಕಲ್ ಹಿಡಿಯುವ ವಸಯಿ ರೋಡ್ ಕೂಡ ಅಂಥದ್ದೇ. ಪೋರ್ಚುಗೀಸರ ಕೋಟೆ ಇರುವ ಹಳೆಯ ವಸಯಿ ಇಲ್ಲಿಂದ ಇನ್ನೂ ದೂರ. ಕೊಂಕಣ ರೈಲಿನವರಂತೂ ಸಾವಂತವಾಡಿ ರೋಡ್, ಗೋಕರ್ಣ ರೋಡ್ ಎಂದು ಧಾರಾಳವಾಗಿ ಹಂಚಿದ್ದಾರೆ.

ಆಯಿ, ಎಂದರೆ ನನ್ನ ತಂದೆಯ ತಾಯಿ, ಮೊದಲ ಸಲ ಮುಂಬಯಿಗೆ ಬಂದಾಗ ಗ್ರ್ಯಾಂಟ್ ರೋಡಿನಲ್ಲಿ ಗಾಡಿ ನಿಂತಿತು. ನಾನು ಫಲಕ ಓದಿ ಹೇಳಿದೆ. ಆಯಿ ಚಂಚಿಯಿಂದ ಎಲೆ ತೆಗೆದು ಸುಣ್ಣ ಸವರುತ್ತ, ಗ್ರ್ಯಾಂಟ್ ಊರು ಇಲ್ಲಿಂದ ಎಷ್ಟು ಹರದಾರಿ ಎಂದು ಕೇಳಿದಳು. ಇದು ಊರಲ್ಲ, ರಾಬರ್ಟ್ ಗ್ರ್ಯಾಂಟ್ ಎಂಬ ಗವರ್ನರನ ಹೆಸರಿನ ರಸ್ತೆ ಎಂದು ಅಪ್ಪ ವಿವರಿಸಿದರು. ಚರ್ನಿ ರೋಡ್ ಬಂತು. ಚರ್ನಿ ಎಷ್ಟು ದೂರ ಎಂದಳು. ಅವಳ ಲೆಕ್ಕ ಜತ್ತ ರೋಡಿನಲ್ಲಿ ಕಲಿತದ್ದು. ಮುಂಬಯಿಯವರು ರೋಡ್ ಎಂದು ಬರೆದು ನಿಜವಾಗಿಯೂ ರೋಡನ್ನೇ ಇಡುತ್ತಾರೆ ಎಂದರೆ ಅವಳು ನಂಬುವುದಾದರೂ ಹೇಗೆ?

ಬಾರ್ಶಿ ಲೈಟ್ ಹುಟ್ಟಿದ್ದೂ ಇಂಥದೊಂದು ಬಾಲದ ಕಾಟದಿಂದಲೇ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು. ಬಾರ್ಶಿ ಹತ್ತಿಯ ದೊಡ್ಡ ಪೇಟೆ. ಆದರೆ ಹಳಿ ಅದನ್ನು ಬಿಟ್ಟು ಆಚೆಯಿಂದ ಹೋಯಿತು. 21 ಮೈಲಿ ದೂರದಲ್ಲಿ ಒಂದು ನಿಲ್ದಾಣ ಮಾಡಿ ‘ಬಾರ್ಶಿ ರೋಡ್’ ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಇಂದಿನ ಕುರ್ಡುವಾಡಿ ಅದೇ. ಹತ್ತಿಯ ಅಂಡಿಗೆಗಳು ಮೂರು ದಶಕಕ್ಕೂ ಹೆಚ್ಚು ಕಾಲ ಎತ್ತಿನ ಗಾಡಿಯಲ್ಲಿ ಆ 21 ಮೈಲಿ ತೆವಳಿದವು.

ಆ ಕಂಪನಿಯಲ್ಲೇ ದುಡಿದಿದ್ದ ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಎಂಜಿನಿಯರನಿಗೆ ಈ 21 ಮೈಲಿ ತಲೆಗೆ ಹತ್ತಿತು. 1895ರಲ್ಲಿ ಲಂಡನ್ನಿನಲ್ಲಿ ಸ್ವಂತ ಕಂಪನಿಯನ್ನೇ ಕಟ್ಟಿದ. ಅವನ ಹಟ ಸರಳವಾಗಿತ್ತು: ಎಂಜಿನ್ನೇ ಇರಲಿ, ಸಾಮಾನಿನ ಡಬ್ಬಿಯೇ ಇರಲಿ, ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದು. ಹಾಗಾದರೆ ಗಜಕ್ಕೆ 30 ಪೌಂಡು ತೂಗುವ ಹಳಿ ಸಾಕು. ಅದು ಮೀಟರಿಗೆ ಸುಮಾರು 15 ಕಿಲೋ. ಇಂದು ಮುಖ್ಯ ಮಾರ್ಗಗಳಲ್ಲಿ ಹಾಕುವುದು 60 ಕಿಲೋದ್ದು. ಎಂಜಿನ್ ಹೆಚ್ಚು ಎಳೆಯಬೇಕೇ? ಭಾರ ಹೆಚ್ಚಿಸಬೇಡ, ಗಾಲಿ ಹೆಚ್ಚಿಸು. ಜಾತ್ರೆಯಲ್ಲಿ ದೊಡ್ಡ ಕೊಪ್ಪರಿಗೆಯನ್ನು ಎಂಟು ಜನ ಹಿಡಿದು ಎತ್ತುವಂತೆ, ಲೀಡ್ಸ್‌ನ ಕಿಟ್ಸನ್ ಕಂಪನಿಯ ಎಂಜಿನ್ನುಗಳು ಎಂಟು ಚಾಲಕ ಗಾಲಿಗಳ ಮೇಲೆ ಬಂದವು. 1897ರಲ್ಲಿ ಬಾರ್ಶಿಗೆ ರೈಲು ಬಂತು. ಭಾರದ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಂಡ ಈ ಮನುಷ್ಯ ಮುಂದೆ ‘ಗಾರ್ಡಿಯನ್ ಏಂಜಲ್’ ಎಂಬ ಪ್ಯಾರಾಚೂಟ್ ಮಾಡಿದ. ನೆಲದ ಮೇಲೆ ಮೆಲ್ಲಗೆ ಕಾಲೂರುವುದು ಅವನ ಜಾಯಮಾನವೇ ಇರಬೇಕು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1906ರಲ್ಲಿ ಹಳಿ ಪಂಢರಪುರಕ್ಕೆ, 1911ರಲ್ಲಿ ನಿಜಾಮರ ಸೀಮೆ ಹೊಕ್ಕು ಲಾತೂರಿಗೆ, 1927ರಲ್ಲಿ ಮೀರಜಿಗೆ ಬೆಳೆಯಿತು. ಒಟ್ಟು 202 ಮೈಲಿ. 1954ರಲ್ಲಿ ಸರ್ಕಾರ ಕೊಂಡುಕೊಂಡಿತು.

ಪಂಢರಪುರ ಮುಟ್ಟಿದ ಮೇಲೆ ಅದು ಬರೀ ಹತ್ತಿಯ ಗಾಡಿಯಾಗಿ ಉಳಿಯಲಿಲ್ಲ. ನಮ್ಮ ದಾಸರ ಅಂಕಿತಗಳಲ್ಲೆಲ್ಲ ನಿಂತಿರುವ ವಿಠಲನ ಬಳಿಗೆ ನಮ್ಮ ಕಡೆಯ ಮುದುಕಿಯರು ಹೋಗುತ್ತಿದ್ದದ್ದು ಇದರಲ್ಲೇ. ಆಷಾಢ ಏಕಾದಶಿಗೆ ಜನ ಸಾಮಾನಿನ ಡಬ್ಬಿಯನ್ನೂ ಬಿಡುತ್ತಿರಲಿಲ್ಲವಂತೆ. ಆಯಿಯೂ ಒಮ್ಮೆ ಹಾಗೆ ಹೋಗಿದ್ದಳು. ನಿಂತೇ ಇರಬೇಕಾಯಿತು, ಆದರೇನು, ವಿಠಲನೂ ನಿಂತೇ ಇದ್ದಾನಲ್ಲ ಎಂದಿದ್ದಳು. ದಿಂಡಿಯಲ್ಲಿ ನಡೆದು ಹೋಗುವ ತನ್ನ ತಮ್ಮನಿಗಿಂತ ತನ್ನ ಪುಣ್ಯ ಕಡಿಮೆಯಾಗದಂತೆ ಈ ವಾದ ಹೂಡಿದ್ದಳೆಂದು ನನ್ನ ಗುಮಾನಿ. ಸಣ್ಣ ಗಾಡಿಯಿಂದ ಇಳಿದು ಪಕ್ಕದಲ್ಲೇ ನಡೆದು ಮತ್ತೆ ಹತ್ತಬಹುದಿತ್ತು ಎಂಬ ನಗೆಹನಿ ಎಲ್ಲ ಸಣ್ಣ ಗಾಡಿಗಳಿಗೂ ಇದೆ; ನಾನು ಯಾರೂ ಹಾಗೆ ಮಾಡಿದ್ದನ್ನು ನೋಡಿಲ್ಲ. ಮುಂದಿನ ಬೆಂಚಿನವರ ಮೊಣಕಾಲು ನಮ್ಮ ಮೊಣಕಾಲಿಗೆ ತಗಲುತ್ತಿದ್ದದ್ದು ಮಾತ್ರ ನಿಜ. ಹಾಗಾಗಿಯೇ ಮೀರಜ್ ಬಿಟ್ಟು ಎರಡು ನಿಲ್ದಾಣ ಕಳೆಯುವುದರೊಳಗೆ ಅವರ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಕೈಯಲ್ಲಿರುತ್ತಿತ್ತು.

2000ದ ದಶಕದಲ್ಲಿ ಆ ಹಳಿಯನ್ನು ತುಂಡು ತುಂಡಾಗಿ ಕಿತ್ತರು. 2010ರ ಹೊತ್ತಿಗೆ ಮೀರಜ್‌ನಿಂದ ಲಾತೂರಿನವರೆಗೂ ಬ್ರಾಡ್‌ಗೇಜ್. ಈಗ ಯಶವಂತಪುರದಲ್ಲಿ ಹತ್ತಿದರೆ ಗಾಡಿ ಬದಲಿಸದೆ ಪಂಢರಪುರದಲ್ಲಿ ಇಳಿಯಬಹುದು. ಒಳ್ಳೆಯದೇ ಆಯಿತು, ಮೀರಜ್‌ನಲ್ಲಿ ಟ್ರಂಕು ಹೊತ್ತು ಓಡಿದ ನನ್ನ ಹೆಗಲು ಬೇರೆ ಮಾತು ಆಡಲಾರದು. ಎರಡೂವರೆ ಅಡಿಯ ಹಳಿ ಐದೂವರೆ ಅಡಿಯಾಯಿತು. ಜತ್ತ ರೋಡ್ ಮಾತ್ರ ಜತ್ತ ರೋಡ್ ಆಗಿಯೇ ಇದೆ. ಅಗಲ ಹೆಚ್ಚಿಸಿದರೆ ಊರು ಹತ್ತಿರ ಬರುವುದಿಲ್ಲವಲ್ಲ.

ಮಷಿನ್ ತಂದ ಹುಡುಗರು ಕೊನೆಗೆ ಕೈಚೆಲ್ಲಿ ಅದನ್ನು ಹಾಲ್‌ನ ಮೂಲೆಯಲ್ಲಿ, ಟಿವಿಯ ಪಕ್ಕ ಇಟ್ಟು ಹೋದರು. ನೀರಿನ ಪೈಪು ಬಚ್ಚಲಿನಿಂದ ನಡುಮನೆ ದಾಟಿ ಅಲ್ಲಿಗೆ ಹೋಗುತ್ತದೆ. ಬಂದವರೆಲ್ಲ ಅದನ್ನು ಎಡವುತ್ತಾರೆ. ಇದೆಲ್ಲ ಕಥೆ ಕೇಳಿದ ಮೇಲೆ ನನ್ನ ಹೆಂಡತಿ ಆ ಮೂಲೆಗೆ ‘ಬಚ್ಚಲು ರೋಡ್’ ಎಂದು ಹೆಸರಿಟ್ಟಿದ್ದಾಳೆ.